ಕಂಕುಳು ಹಿಡಿಯುವ ರವಿಕೆ: ತಪ್ಪು ಇರುವುದೆಲ್ಲಿ?

ಪ್ರಶ್ನೆ: ಹವ್ಯಾಸಕ್ಕೆಂದು ಮನೆಯಲ್ಲೇ ಹೊಲಿಗೆ ಶುರು ಮಾಡಿದ್ದೇನೆ. ಟೈಲರ್ ಹೊಲಿದುಕೊಟ್ಟಿದ್ದ ಅಳತೆ ರವಿಕೆಯನ್ನು ಬಟ್ಟೆಯ ಮೇಲಿಟ್ಟು, ಸುತ್ತ ಗುರುತು ಮಾಡಿಕೊಂಡು ಎರಡು ಹತ್ತಿ ರವಿಕೆ ಹೊಲಿದೆ. ಕೈ ಎತ್ತಿದರೆ ಇಡೀ ರವಿಕೆ ಮೇಲಕ್ಕೇಳುತ್ತದೆ, ಕಂಕುಳಲ್ಲಿ ಹಿಡಿಯುತ್ತದೆ. ಎರಡನೆಯದರಲ್ಲಿ ಕಂಕುಳನ್ನು ಅರ್ಧ ಇಂಚು ಕೆಳಗೆ ಕತ್ತರಿಸಿದೆ, ತೊಂದರೆ ಇನ್ನೂ ಜಾಸ್ತಿಯಾಯಿತು. ಹಿಂದಿನ ಕತ್ತು ಆಳವಿರುವುದರಿಂದ ಭುಜವೂ ಜಾರುತ್ತದೆ. ಬಟ್ಟೆಯ ಅಡಿಯಲ್ಲಿ ಆಗಾಗ ದಾರ ಸಿಕ್ಕಾಗುತ್ತದೆ. ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಒಂದಿದೆ, ಕತ್ತರಿ ಹಾಕಲು ಧೈರ್ಯ ಸಾಲದು. ಎದೆ ಸುತ್ತಳತೆ 36 ಇಂಚು. ಏನು ಮಾಡಲಿ?

ಉತ್ತರ: ರೇಷ್ಮೆಗೆ ಈಗಲೇ ಕತ್ತರಿ ಹಾಕಬೇಡಿ. ನಿಮ್ಮ ಹೊಲಿಗೆಯಲ್ಲಿ ದೋಷವಿಲ್ಲ, ದೋಷವಿರುವುದು ಕತ್ತರಿಸುವ ಮೊದಲಿನ ಕೆಲಸದಲ್ಲಿ. ಕಂಕುಳು ಹಿಡಿದಾಗ ಅದನ್ನು ಕೆಳಗೆ ಕತ್ತರಿಸಬೇಕು ಅನ್ನಿಸುವುದು ಸಹಜ. ಹೊಸದಾಗಿ ಹೊಲಿಯುವವರಲ್ಲಿ ಹೆಚ್ಚಿನವರು ಹಾಗೇ ಮಾಡುತ್ತಾರೆ. ಆದರೆ ಬಹುತೇಕ ರವಿಕೆಗಳಲ್ಲಿ ಮಾಡಬೇಕಾದ್ದು ಇದಕ್ಕೆ ಉಲ್ಟಾ.

ಕೈ ಮೇಲೆತ್ತಿದಾಗ ಸೊಂಟದಿಂದ ಮೊಣಕೈವರೆಗಿನ ದೂರ ಹೆಚ್ಚುತ್ತದೆ. ಆ ಹೆಚ್ಚುವರಿ ಉದ್ದಕ್ಕೆ ಬಟ್ಟೆ ಎಲ್ಲಿಂದಲಾದರೂ ಬರಬೇಕು. ತೋಳು ಮತ್ತು ಮೈ ಸೇರುವ ಹೊಲಿಗೆ ನಿಜವಾದ ಕಂಕುಳಿಗೆ ಅಂಟಿದಂತಿದ್ದರೆ ಕೈ ತಿರುಗುವ ಜಾಗದಲ್ಲೇ ಬಟ್ಟೆಯೂ ತಿರುಗುತ್ತದೆ, ಮೈಭಾಗ ಅಲುಗುವುದಿಲ್ಲ. ಅದೇ ಹೊಲಿಗೆ ಒಂದೂವರೆ ಇಂಚು ಕೆಳಗೆ, ಪಕ್ಕೆಲುಬಿನ ಹತ್ತಿರ ಕೂತಿದ್ದರೆ ಕೈ ಎತ್ತಿದಾಗ ತೋಳು ಆ ಜಾಗವನ್ನೇ ಹಿಡಿದು ಮೇಲಕ್ಕೆಳೆಯುತ್ತದೆ, ಜೊತೆಗೆ ಇಡೀ ರವಿಕೆ ಏರುತ್ತದೆ. ಎರಡನೇ ರವಿಕೆಯಲ್ಲಿ ಆ ಹೊಲಿಗೆಯನ್ನು ಇನ್ನರ್ಧ ಇಂಚು ಕೆಳಕ್ಕೆ ಇಳಿಸಿದಿರಿ, ಅದಕ್ಕೇ ತೊಂದರೆ ಹೆಚ್ಚಾಯಿತು. ಆರ್ಮ್‌ಹೋಲ್, ಅಂದರೆ ತೋಳು ಕೂಡಿಸುವ ತೆರವು, ಮೇಲಿದ್ದಷ್ಟೂ ಕೈ ಸಲೀಸು. ಮುಟ್ಟಿದಂತಿರಬೇಕು, ಒತ್ತಬಾರದು, ಅಷ್ಟೆ.

ಹೊಲಿದ ರವಿಕೆಯನ್ನು ಬಟ್ಟೆಯ ಮೇಲಿಟ್ಟು ಗುರುತು ಮಾಡುವುದನ್ನು ಇಲ್ಲಿಗೆ ಬಿಟ್ಟುಬಿಡಿ. ಡಾಟ್, ಅಂದರೆ ಉಬ್ಬು ಬರಲೆಂದು ತುದಿ ಮೊನೆಯಾಗುವಂತೆ ಹೊಲಿಯುವ ಮಡಿಕೆ, ಹಾಕಿದ ಮೇಲೆ ಬಟ್ಟೆ ಉಬ್ಬಿದ ಬಟ್ಟಲಿನ ಹಾಗಾಗಿರುತ್ತದೆ, ಅದನ್ನು ಚಪ್ಪಟೆ ಮಾಡಿ ಅಳೆಯಲಾಗದು. ಡಾಟ್‌ಗಳು ನುಂಗಿದ ಬಟ್ಟೆ ನಿಮ್ಮ ಗುರುತಿನಲ್ಲಿ ಬರುವುದೇ ಇಲ್ಲ. ಮುಂಭಾಗದ ಪಕ್ಕದ ಅಂಚು ಹಿಂಭಾಗದ್ದಕ್ಕಿಂತ, ಪಕ್ಕದ ಡಾಟ್ ಎಷ್ಟು ಅಗಲವೋ ಅಷ್ಟು ಉದ್ದ ಇರಬೇಕು. ಗುರುತು ಹಾಕಿ ಕತ್ತರಿಸಿದಾಗ ಎರಡೂ ಸಮವಾಗಿಬಿಡುತ್ತವೆ, ಡಾಟ್ ಹಾಕಿದೊಡನೆ ಮುಂಭಾಗ ಗಿಡ್ಡವಾಗುತ್ತದೆ. ಹಳೇ ರವಿಕೆ ತೊಟ್ಟು ತೊಟ್ಟು ಎಳೆದಿರುತ್ತದೆ, ಅದರ ತಪ್ಪುಗಳೂ ಹೊಸದಕ್ಕೆ ಬರುತ್ತವೆ. ಕತ್ತಿನ ಆಳ, ತೋಳಿನ ಉದ್ದ, ಒಟ್ಟು ಉದ್ದ ಇಷ್ಟನ್ನು ನೋಡಿಕೊಳ್ಳಲು ಮಾತ್ರ ಅಳತೆ ರವಿಕೆ ಇಟ್ಟುಕೊಳ್ಳಿ. ಉಳಿದದ್ದನ್ನು ಮೈಮೇಲೆ ಅಳೆಯಿರಿ.

ಅಳೆಯುವಾಗ ರವಿಕೆಯೊಳಗೆ ಯಾವ ಬ್ರಾ ಹಾಕುತ್ತೀರೋ ಅದೇ ಇರಲಿ. ಟೇಪಿನ ಕೆಳಗೆ ಒಂದು ಬೆರಳು ಆಡಬೇಕು. ಎದೆ, ಎದೆಯ ಕೆಳಗೆ, ರವಿಕೆ ಮುಗಿಯುವ ಜಾಗದ ಸುತ್ತಳತೆ, ಬೆನ್ನ ಮೇಲೆ ಭುಜದಿಂದ ಭುಜಕ್ಕೆ, ತೋಳಿನ ಸುತ್ತು, ಉದ್ದ ಇವೆಲ್ಲ ನಿಮಗೆ ಗೊತ್ತೇ ಇವೆ. ಹೆಚ್ಚಿನವರು ಬಿಡುವುದು ಮೂರನ್ನು. ಒಂದು, ಭುಜದ ಮೂಳೆಯ ಮೇಲಿಂದ ಕಂಕುಳಡಿ ಹಾದು ಮತ್ತೆ ಮೇಲಕ್ಕೆ ಬರುವ ಆರ್ಮ್‌ಹೋಲ್ ಸುತ್ತಳತೆ. ಎರಡು, ಕತ್ತಿನ ಬುಡದ ಭುಜದಿಂದ ಎದೆಯ ತುದಿಗಿರುವ ದೂರ, ಟೈಲರ್‌ಗಳು ಈ ದೂರಕ್ಕೂ ಆ ತುದಿಗೂ ಪಾಯಿಂಟ್ ಅನ್ನುತ್ತಾರೆ. ಮೂರು, ಒಂದು ಪಾಯಿಂಟ್‌ನಿಂದ ಇನ್ನೊಂದಕ್ಕೆ ಇರುವ ಅಂತರ. ಇವು ಮೈಯಿಂದ ಮೈಗೆ ಬೇರೆ. ಎದೆ 36 ಅಂದ ಮಾತ್ರಕ್ಕೆ ಪಾಯಿಂಟ್ 10 ಎಂದು ಬರೆದುಕೊಳ್ಳಬೇಡಿ. ವಯಸ್ಸು, ಮೈಕಟ್ಟು, ಬ್ರಾ ಬದಲಾದಂತೆ ಅದು 9ರಿಂದ 11ರವರೆಗೂ ಓಡಾಡುತ್ತದೆ. ಟೇಪನ್ನು ಬೇರೆಯವರು ಹಿಡಿದರೆ ಒಳ್ಳೆಯದು, ಭುಜ ಮತ್ತು ಆರ್ಮ್‌ಹೋಲ್ ಅನ್ನು ಒಬ್ಬರೇ ಅಳೆದರೆ ಸರಿಯಾಗಿ ಬರುವುದು ಕಷ್ಟ.

ಈಗ ಕಾಗದದ ಮೇಲೆ ಬರೆಯೋಣ. ದಪ್ಪ ಕಂದು ಹಾಳೆ ಸಾಕು, ಹಳೇ ದಿನಪತ್ರಿಕೆಯ ಶಾಯಿ ಬಟ್ಟೆಗೆ ಹತ್ತುತ್ತದೆ. ಎದೆ 36, ಭುಜ 14, ಆರ್ಮ್‌ಹೋಲ್ 16 ಎಂದಿಟ್ಟುಕೊಳ್ಳಿ. ಆರ್ಮ್‌ಹೋಲ್‌ನ ಅರ್ಧ 8, ಅದರಲ್ಲಿ ಮುಕ್ಕಾಲು ಇಂಚು ಕಳೆದರೆ ಆಳ 7¼. ತಾಳೆ ನೋಡಲು ಇನ್ನೊಂದು ಲೆಕ್ಕವಿದೆ: ಎದೆಯ ಆರನೇ ಒಂದು ಭಾಗಕ್ಕೆ 1 ಕೂಡಿಸಿ, ಇಲ್ಲಿ 7 ಬರುತ್ತದೆ. ಎರಡರ ನಡುವೆ ಅರ್ಧ ಇಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಅಳೆಯಿರಿ. ಆ ಆಳದಲ್ಲಿ ಅಡ್ಡ ಗೆರೆ ಎಳೆದು ಹಿಂಭಾಗಕ್ಕೆ 9, ಮುಂಭಾಗಕ್ಕೆ 9½ ಇಂಚು ಗುರುತು ಮಾಡಿ. ಇವು ಅರ್ಧ ಮೈಯ ಅಳತೆ, ಎರಡನ್ನೂ ಕೂಡಿಸಿ ಇಮ್ಮಡಿಸಿದರೆ ಒಟ್ಟು ಸುತ್ತಳತೆ 37, ಅಂದರೆ ಉಸಿರಾಡಲು 1 ಇಂಚು ಸಡಿಲ. ಪಕ್ಕದ ಮಾರ್ಜಿನ್ (ಹೊಲಿಗೆಯಾಚೆ ಉಳಿಸುವ ಬಟ್ಟೆ) ಇದರ ಹೊರಗೆ 1½ ಇಂಚು ಬಿಡಿ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳಬಹುದು. ಭುಜದ ಇಳಿಜಾರು ಅರ್ಧದಿಂದ ಮುಕ್ಕಾಲು ಇಂಚು.

ಆರ್ಮ್‌ಹೋಲ್‌ನ ಕಮಾನು ಮುಂದೆ ಹಿಂದೆ ಒಂದೇ ಥರ ಇರಬಾರದು. ನಮ್ಮ ಕೈ ಮುಂದಕ್ಕೇ ಹೆಚ್ಚು ಓಡಾಡುವುದು. ಮುಂಭಾಗದ ಕಮಾನನ್ನು ಮಧ್ಯದಲ್ಲಿ, ಹಿಂಭಾಗಕ್ಕಿಂತ ಅರ್ಧ ಇಂಚು ಒಳಕ್ಕೆ ತೆಗೆಯಿರಿ. ಒಳಕ್ಕೆ ತೆಗೆಯಬೇಕು ಅಂದೆ, ಕೆಳಕ್ಕಲ್ಲ. ಎರಡರ ಅಡಿಯ ಬಿಂದು ಒಂದೇ ಮಟ್ಟದಲ್ಲಿರಬೇಕು. ಮುಂಭಾಗದಲ್ಲಿ ಕಂಕುಳ ಹತ್ತಿರ ಬಟ್ಟೆ ಗುಂಪುಗೂಡಿ ಚರ್ಮಕ್ಕೆ ಉಜ್ಜುತ್ತಿದ್ದರೆ ಈ ಅರ್ಧ ಇಂಚು ತೆಗೆದಿಲ್ಲ ಅಂತಲೇ ಅರ್ಥ. ಅದೂ ಬಿಗಿಯಾದ ಹಾಗೇ ಅನ್ನಿಸುತ್ತದೆ, ಅದಕ್ಕೇ ಜನ ಕೆಳಗೆ ಕತ್ತರಿಸಿ ಕೆಡಿಸುವುದು.

ತೋಳಿನ ವಿಚಾರವನ್ನು ಸ್ವಲ್ಪ ನಿಧಾನವಾಗಿ ಓದಿ, ಅರ್ಧ ತೊಂದರೆ ಇಲ್ಲೇ ಇದೆ. ತೋಳಿನ ಮೇಲ್ತುದಿಯ ಕಮಾನಿಗೆ ಕ್ಯಾಪ್ ಅನ್ನುತ್ತಾರೆ. ಕ್ಯಾಪ್ ಎತ್ತರವಾದಷ್ಟೂ ಕೈ ಇಳಿಬಿಟ್ಟಾಗ ತೋಳು ಸುಕ್ಕಿಲ್ಲದೆ ಚೆಂದ ಕಾಣುತ್ತದೆ, ಆದರೆ ಕಂಕುಳಡಿಯ ಹೊಲಿಗೆ ಗಿಡ್ಡವಾಗಿ ಕೈ ಏಳುವುದಿಲ್ಲ. ಕ್ಯಾಪ್ ತಗ್ಗಿಸಿದರೆ ಕೈ ಆರಾಮ, ಕಂಕುಳ ಹತ್ತಿರ ಒಂದೆರಡು ಮಡಿಕೆ ಬೀಳುತ್ತವೆ. ಎರಡೂ ಒಟ್ಟಿಗೆ ಸಿಗುವುದಿಲ್ಲ, ಯಾವುದು ಬೇಕೆಂದು ನೀವೇ ಆರಿಸಬೇಕು. ದಿನಬಳಕೆಯ ರವಿಕೆಗೆ 3, ಮದುವೆಮನೆಗೆ ಉಡುವ ರೇಷ್ಮೆಗೆ 3½ ಇಂಚು ಇಡಿ. ನಡುವಿನ 3¼ ಎರಡಕ್ಕೂ ನಡೆಯುತ್ತದೆ.

ಅಗಲಕ್ಕೆ ಹೀಗೆ ಮಾಡಿ. ಕಾಗದದ ಮೇಲೆ ಆರ್ಮ್‌ಹೋಲ್‌ನ ಹೊಲಿಗೆ ಗೆರೆಯನ್ನು ಟೇಪನ್ನು ಅದರ ಅಂಚಿನ ಮೇಲೆ ನಿಲ್ಲಿಸಿಕೊಂಡು ಮುಂದೆ ಹಿಂದೆ ಎರಡೂ ಅಳೆದು ಕೂಡಿಸಿ, 16 ಬಂತೆನ್ನಿ. ಅರ್ಧ 8, ಕಾಲು ಇಂಚು ಕಳೆದು 7¾. ತೋಳಿನ ಮಡಿಕೆ ಅಂಚಿನ ಮೇಲ್ತುದಿಯಿಂದ, 3¼ ಕೆಳಗಿನ ಅಡ್ಡ ಗೆರೆಗೆ ತಾಗುವಂತೆ 7¾ ಇಂಚಿನ ಓರೆ ಗೆರೆ ಎಳೆದರೆ ಅಗಲ ಸುಮಾರು 7 ಬರುತ್ತದೆ, ಬಿಡಿಸಿದರೆ 14. ಆ ಓರೆ ಗೆರೆಯ ಮೇಲೆ ಕಮಾನು ಬಿಡಿಸಿ. ಕಮಾನಿನ ಒಟ್ಟು ಉದ್ದ ಆರ್ಮ್‌ಹೋಲ್‌ಗಿಂತ ಕಾಲರಿಂದ ಅರ್ಧ ಇಂಚು ಹೆಚ್ಚಿರಲಿ. ಅದಕ್ಕಿಂತ ಹೆಚ್ಚಾದರೆ ಭುಜದ ಮೇಲೆ ನೆರಿಗೆ ಬೀಳುತ್ತದೆ, ಕಡಿಮೆಯಾದರೆ ತೋಳು ಎಳೆದು ಹಿಡಿಯುತ್ತದೆ. ಕಂಕುಳ ಡಾಟ್ ಇಡುವುದಿದ್ದರೆ ಒಂದು ಎಚ್ಚರ: ಆ ಡಾಟ್ ಮುಂಭಾಗದ ಆರ್ಮ್‌ಹೋಲ್‌ನಿಂದ ಅರ್ಧ ಇಂಚು ನುಂಗುತ್ತದೆ. ಕಾಗದದಲ್ಲಿ ಡಾಟ್ ಮಡಚಿಕೊಂಡೇ ಅಳೆಯಿರಿ, ಇಲ್ಲದಿದ್ದರೆ ತೋಳು ಯಾಕೆ ದೊಡ್ಡದಾಯಿತು ಎಂದು ಆಮೇಲೆ ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ತೋಳಿಗೂ ಮುಂದೆ ಹಿಂದೆ ಇದೆ. ಮುಂಭಾಗದ ಕಮಾನು ಅರ್ಧ ಇಂಚು ಒಳಗೆ. ಒಂದಾದ ಮೇಲೊಂದು ಬೇರೆಬೇರೆ ಕತ್ತರಿಸಿದರೆ ಎರಡೂ ಬಲಗೈಯವೇ ಆಗಿಬಿಡುವುದು ತುಂಬ ಸಾಮಾನ್ಯ. ಬಟ್ಟೆಯ ಒಳ್ಳೆ ಮುಖಗಳನ್ನು ಎದುರುಬದುರಾಗಿಟ್ಟು ಎರಡನ್ನೂ ಒಟ್ಟಿಗೇ ಕತ್ತರಿಸಿ, ಮುಂಭಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಡಾಟ್‌ಗಳ ಅಗಲ ನಿರ್ಧಾರವಾಗುವುದು ಎದೆ ಮತ್ತು ಎದೆಯ ಕೆಳಗಿನ ಸುತ್ತಳತೆಗಳ ನಡುವಿನ ವ್ಯತ್ಯಾಸದಿಂದ. ವ್ಯತ್ಯಾಸ 5 ಇಂಚಿನ ಆಸುಪಾಸಿದ್ದರೆ ಕೆಳಗಿನ ಡಾಟ್ ಒಟ್ಟು 1¼, ಪಕ್ಕದ್ದು ಮುಕ್ಕಾಲು, ಕಂಕುಳದ್ದು ಮತ್ತು ಹುಕ್ಕು ಪಟ್ಟಿ ಕಡೆಯದು ಅರ್ಧರ್ಧ ಇಂಚಿನಿಂದ ಶುರು ಮಾಡಿ. ನಾಲ್ಕೂ ಪಾಯಿಂಟ್‌ನ ಕಡೆಗೆ ಮುಖ ಮಾಡಬೇಕು, ಆದರೆ ಯಾವುದೂ ಅದನ್ನು ಮುಟ್ಟಬಾರದು, ಮುಕ್ಕಾಲರಿಂದ 1 ಇಂಚು ಮೊದಲೇ ನಿಲ್ಲಬೇಕು. ಮುಟ್ಟಿದರೆ ಎದೆಯ ಮೇಲೆ ಚೂಪಾದ ಮೊನೆ ಏಳುತ್ತದೆ. ಡಾಟ್‌ನ ತುದಿಯಲ್ಲಿ ಮೆಷಿನನ್ನು ಹಿಂದೆ ಮುಂದೆ ಓಡಿಸಬೇಡಿ. ಕೊನೆಯ ನಾಲ್ಕೈದು ಹೊಲಿಗೆ ಮಡಿಕೆಯ ಅಂಚಿಗೆ ಅಂಟಿ ಜಾರಿಕೊಂಡು ಹೋಗಲಿ, 3 ಇಂಚು ದಾರ ಬಿಟ್ಟು ಕತ್ತರಿಸಿ, ಕೈಯಿಂದ ಗಂಟು ಹಾಕಿ. ಇಸ್ತ್ರಿ ಮಾಡುವಾಗ ಕೆಳಗೆ ಟವೆಲ್ ಸುತ್ತಿ ಉಂಡೆ ಮಾಡಿ ಇಟ್ಟುಕೊಂಡರೆ ಉಬ್ಬು ಹಾಗೇ ಉಳಿಯುತ್ತದೆ.

ಇನ್ನು ಜಾರುವ ಭುಜ. ಹಿಂದಿನ ಕತ್ತು 9 ಇಂಚು ಆಳವಾದಾಗ ಎರಡು ಭುಜಗಳನ್ನು ಹಿಡಿದಿಡುವ ಬಟ್ಟೆಯೇ ಬೆನ್ನಲ್ಲಿ ಇರುವುದಿಲ್ಲ. ಆಗ ಕತ್ತಿನ ಅಗಲವನ್ನಾದರೂ ಬಿಡಬೇಕು. ಆಳವೂ ಬೇಕು, ಅಗಲವೂ ಬೇಕು ಅಂದರೆ ಯಾವ ಅಳತೆಯಿಂದಲೂ ಆಗದು. ಕತ್ತಿನ ಅರ್ಧ ಅಗಲ 2¾ರಿಂದ 3 ಇರಲಿ, ಅರ್ಧ ಭುಜ 7 ಬರುವ ಕಡೆ 6½ ಇಡಿ, ಮುಂದಿನ ಕತ್ತು 6 ಇಂಚಿಗೆ ನಿಲ್ಲಲಿ. ಕತ್ತಿನ ಕಮಾನು ಕ್ರಾಸಿನಲ್ಲಿ, ಅಂದರೆ ನೂಲಿಗೆ ಓರೆಯಾಗಿ, ಬರುವುದರಿಂದ ಕೈಯಲ್ಲಿ ಹಿಡಿದಾಡಿದರೂ ಸಾಕು, ಎಳೆದು ಅಗಲವಾಗುತ್ತದೆ. ಕತ್ತರಿಸಿದ ತಕ್ಷಣ, ಬೇರೆ ಯಾವ ಕೆಲಸಕ್ಕೂ ಮೊದಲು, ಅಂಚಿನಿಂದ ಕಾಲು ಇಂಚಿಗಿಂತ ತುಸು ಕಡಿಮೆ ದೂರದಲ್ಲಿ ಒಂದು ಹೊಲಿಗೆ ಓಡಿಸಿ. ಭುಜದಿಂದ ಶುರು ಮಾಡಿ ಮಧ್ಯಕ್ಕೆ ಬನ್ನಿ, ಇನ್ನೊಂದು ಕಡೆಯೂ ಹಾಗೇ. ಪೈಪಿಂಗ್‌ಗೆ, ಅಂದರೆ ಕತ್ತಿನ ಅಂಚು ಮುಚ್ಚುವುದಕ್ಕೆ, 1¼ ಇಂಚಿನ ಕ್ರಾಸ್ ಪಟ್ಟಿ ಕತ್ತರಿಸಿ. ಕತ್ತಿನ ಕಮಾನಿನಲ್ಲಿ ಪಟ್ಟಿಯನ್ನು ತುಸು ಎಳೆದು ಹಿಡಿಯಬೇಕು, ರವಿಕೆಯನ್ನು ಎಳೆಯಬಾರದು. ಬೆನ್ನಿನ ಡೋರಿ ಬರೀ ಅಲಂಕಾರಕ್ಕಲ್ಲ, ಆಳದ ಕತ್ತಿಗೆ ಅದು ನಿಜವಾದ ಆಧಾರ.

ಕಾಗದದಿಂದ ನೇರ ರೇಷ್ಮೆಗೆ ಹೋಗುವಂತಿಲ್ಲ. ಹಳೇ ಹತ್ತಿ ಸೀರೆಯನ್ನೋ ಪಂಚೆಯನ್ನೋ ಕತ್ತರಿಸಿ ಒಂದು ಪರೀಕ್ಷೆಯ ರವಿಕೆ ಹೊಲಿಯಿರಿ. ಹುಕ್ಕು, ಪೈಪಿಂಗ್ ಏನೂ ಬೇಡ, ಹೊಲಿಗೆ 4 ಮಿಲಿಮೀಟರ್ ಉದ್ದ ಇರಲಿ, ಬಿಚ್ಚಲು ಸುಲಭ. ಎಳೆದರೆ ಹಿಗ್ಗುವ ಬಟ್ಟೆ ಮಾತ್ರ ಬಳಸಬೇಡಿ, ಅದು ಎಲ್ಲ ತಪ್ಪನ್ನೂ ಮುಚ್ಚಿಡುತ್ತದೆ. ಮುಂದೆ ಗುಂಡುಸೂಜಿ ಚುಚ್ಚಿಕೊಂಡು ಕನ್ನಡಿಯೆದುರು ನಿಂತು ಅಟ್ಟದಿಂದ ಡಬ್ಬಿ ತೆಗೆಯುವ ಹಾಗೆ ಕೈ ಎತ್ತಿ, ಜಡೆ ಹಾಕಿಕೊಳ್ಳುವ ಹಾಗೆ ಹಿಂದಕ್ಕೆ ಒಯ್ಯಿರಿ, ಕೂತು ನೋಡಿ. ಸುಕ್ಕುಗಳು ಎಲ್ಲಿಂದ ಹೊರಟಿವೆ ಎಂದು ಗಮನಿಸಿ, ಬಿಗಿ ಇರುವ ಜಾಗವನ್ನು ಅವೇ ತೋರಿಸುತ್ತವೆ. ಎದೆಯ ನಡುವೆ ಅಡ್ಡ ಗೆರೆಗಳಿದ್ದರೆ ಸುತ್ತಳತೆ ಸಾಲದು. ಉದ್ದುದ್ದ ಮಡಿಕೆ ಬಿದ್ದಿದ್ದರೆ ಸಡಿಲ. ಪಾಯಿಂಟ್‌ನಿಂದ ಕಂಕುಳಿಗೆ ಓರೆ ಸುಕ್ಕು ಇದ್ದರೆ ಡಾಟ್ ಚಿಕ್ಕದು. ಮುಂದಿನ ಕತ್ತು ಬಾಯಿ ಬಿಟ್ಟಿದ್ದರೆ ಭುಜದ ಹೊಲಿಗೆಯನ್ನು ಕತ್ತಿನ ಕಡೆ ಕಾಲು ಇಂಚು ಹೆಚ್ಚು ಹಿಡಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನು ಕಾಗದದ ಮೇಲೂ ಬರೆದುಕೊಳ್ಳಿ. ಈ ಕಾಗದವೇ ಮುಂದೆ ನಿಮ್ಮ ಅಳತೆ ರವಿಕೆ.

ಬಟ್ಟೆಯ ತಯಾರಿಯಲ್ಲಿ ಲೈನಿಂಗ್ ನೆನೆಸುವುದನ್ನು ಮರೆಯಬಾರದು. ಹತ್ತಿ ಲೈನಿಂಗನ್ನು ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿಸಿ. ಟು ಬೈ ಟು ರೂಬಿಯಾ ಎಂಬ ರವಿಕೆ ಬಟ್ಟೆಗೂ ಇದೇ ಮಾತು. ನೆನೆಸದೆ ಹೊಲಿದರೆ ಮೊದಲ ಒಗೆತದಲ್ಲೇ ಒಳಬಟ್ಟೆ ಕುಗ್ಗಿ ಹೊರಬಟ್ಟೆ ಬೊಬ್ಬೆ ಬೊಬ್ಬೆಯಾಗಿ ನಿಲ್ಲುತ್ತದೆ. ರೇಷ್ಮೆಯನ್ನು ಮಾತ್ರ ನೆನೆಸಬೇಡಿ. ಕತ್ತರಿಸುವಾಗ ಮುಂಭಾಗ, ಹಿಂಭಾಗಗಳ ಉದ್ದ ಬಟ್ಟೆಯ ಹಾಸಿನ (ಉದ್ದದ) ನೂಲಿನ ಗುಂಟ ಬಂದರೆ ಒಳ್ಳೆಯದು, ಹೊಕ್ಕಿನ (ಅಡ್ಡ ನೂಲಿನ) ಕಡೆ ಬಟ್ಟೆ ಸಾಮಾನ್ಯವಾಗಿ ತುಸು ಹೆಚ್ಚು ಹಿಗ್ಗುತ್ತದೆ.

ನಿಮ್ಮ ರೇಷ್ಮೆ ಪೀಸಿನಲ್ಲಿ ಮೊದಲು ತೋಳಿನ ಜಾಗ ಗುರುತಿಸಿ, ಯಾಕೆಂದರೆ ಅಂಚು ಬರಬೇಕಾದ್ದು ಅಲ್ಲಿಗೆ. ಸೀರೆಯ ಜೊತೆ ಬರುವ ಪೀಸ್ ಸುಮಾರು 80 ಸೆಂಟಿಮೀಟರ್, ಅಂದರೆ 31½ ಇಂಚು. ಒಂದು ತೋಳಿಗೆ 14, ಎರಡೂ ಕಡೆ ಮಾರ್ಜಿನ್ 1 ಇಂಚಿನಂತೆ 16, ಎರಡು ತೋಳಿಗೆ 32. ಅರ್ಧ ಇಂಚು ಸಾಲದು! ಸೀರೆಗೆ ಎರಡೂ ಬದಿ ಒಂದೇ ಥರದ ಅಂಚಿದ್ದರೆ ಒಂದೊಂದು ತೋಳು ಒಂದೊಂದು ಅಂಚಿನಿಂದ ತೆಗೆಯಬಹುದು. ಒಂದೇ ಕಡೆ ದೊಡ್ಡ ಅಂಚಿದ್ದರೆ ತೋಳಿನ ಮಾರ್ಜಿನ್ ಮುಕ್ಕಾಲು ಇಂಚಿಗೆ ಇಳಿಸಿ. ಗುಳೇದಗುಡ್ಡದ ಖಣ ಹೊಲಿಯುವವರಿಗೂ ಇದೇ ಲೆಕ್ಕಾಚಾರ ಬೇಕು. ಅದರ ಪನ್ನ (ಅಗಲ) ಕಡಿಮೆ, ಸಣ್ಣ ಸಣ್ಣ ಹೂವುಗಳಿಗೆ ತಲೆ ಬುಡ ಇರಬಹುದು, ಬೆನ್ನಲ್ಲಿ ಅವು ತಲೆಕೆಳಗಾಗಬಾರದು. ಮೈಸೂರು ಕ್ರೇಪ್ ರೇಷ್ಮೆ ಕತ್ತರಿಯ ಕೆಳಗೆ ಹರಿದಾಡುತ್ತದೆ. ಅಡಿಯಲ್ಲಿ ತೆಳು ಕಾಗದ ಹಾಸಿ, ಎರಡನ್ನೂ ಸೇರಿಸಿಯೇ ಕತ್ತರಿಸಿ.

ರೇಷ್ಮೆಯಲ್ಲಿ ಬಿಚ್ಚಿದ ಹೊಲಿಗೆಯ ತೂತು ಉಳಿಯುತ್ತದೆ, ಜರಿ ಇದ್ದರಂತೂ ಎದ್ದು ಕಾಣುತ್ತದೆ. ಇದಕ್ಕೇ ಪರೀಕ್ಷೆಯ ರವಿಕೆ ಬೇಕೆಂದು ಇಷ್ಟು ಒತ್ತಿ ಹೇಳಿದ್ದು. ಬಿಗಿಯಾದ ರೇಷ್ಮೆ ರವಿಕೆ ಪಕ್ಕದ ಹೊಲಿಗೆಯ ಗುಂಟ ಎಳೆ ಬಿಟ್ಟು ಹಿಂಜುತ್ತದೆ. ಹೊಲಿಗೆ ಗಟ್ಟಿಯಾಗೇ ಇರುತ್ತದೆ, ನೂಲುಗಳೇ ಜಾರಿ ಸಂದು ಬಿಡುತ್ತವೆ. ಎಳೆತವನ್ನು ಲೈನಿಂಗ್ ಹೊರಬೇಕು, ರೇಷ್ಮೆ ಅದರ ಮೇಲೆ ಆರಾಮಾಗಿ ಕೂತಿರಬೇಕು. ಅದಕ್ಕಾಗಿ ಎರಡನ್ನೂ ಸೇರಿಸಿ ಅಂಚಿನಲ್ಲಿ ಹೊಲಿಯುವಾಗ ರೇಷ್ಮೆಯನ್ನು ಕೂದಲೆಳೆಯಷ್ಟು ಸಡಿಲ ಬಿಡಿ.

ದಾರ ಸಿಕ್ಕಾಗುವುದಕ್ಕೆ ಬರೋಣ. ಗೂಡು ಕಟ್ಟುವುದು ಬಟ್ಟೆಯ ಅಡಿಯಲ್ಲಾದರೂ ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಬಟ್ಟೆಯನ್ನು ಒತ್ತಿ ಹಿಡಿಯುವ ಮೆಷಿನ್ನಿನ ಪಾದ ಇಳಿಸಿಕೊಂಡು ದಾರ ಪೋಣಿಸಿದರೆ ದಾರ ಟೆನ್ಷನ್ ಬಿಲ್ಲೆಗಳ (ದಾರವನ್ನು ಬಿಗಿ ಹಿಡಿಯುವ ಬಿಲ್ಲೆಗಳು) ನಡುವೆ ಇಳಿಯುವುದಿಲ್ಲ. ಪಾದ ಎತ್ತಿ, ಪೂರ್ತಿ ಹೊಸದಾಗಿ ಪೋಣಿಸಿ. ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದು ಮೊದಲ ಮೂರು ಹೊಲಿಗೆ ಚಕ್ರವನ್ನು ಕೈಯಿಂದ ತಿರುಗಿಸಿ. ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ತೋಡು ಇರುತ್ತದೆ, ದಾರ ಆ ಕಡೆಯಿಂದಲೇ ಒಳಹೋಗಬೇಕು. ತಿರುವುಮುರುವಾಗಿ ಹಾಕಿದರೆ ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತದೆ. ರೂಬಿಯಾಕ್ಕೆ 14 ಅಥವಾ 11ನೇ ನಂಬರ್ ಸೂಜಿ, ತೆಳು ರೇಷ್ಮೆಗೆ 9 ಅಥವಾ 11, ಅದೂ ಹೊಸದು. ಮೊಂಡ ಸೂಜಿ ರೇಷ್ಮೆಯ ಎಳೆಯನ್ನೇ ಎಳೆದು ಗೆರೆ ಮೂಡಿಸುತ್ತದೆ. ಹೊಲಿಗೆ ಉದ್ದ 2ರಿಂದ 2½ ಮಿಲಿಮೀಟರ್. ಇಷ್ಟಾದರೂ ಹೊಲಿಗೆಯ ಗುಂಟ ಬಟ್ಟೆ ಸುರುಟಿಕೊಂಡರೆ ಮೇಲಿನ ಟೆನ್ಷನ್ ಸ್ವಲ್ಪ ಸಡಿಲಿಸಿ, ಅದೇ ಬಟ್ಟೆಯ ತುಂಡಿನ ಮೇಲೆ ಹೊಲಿದು ನೋಡಿ.

ಹೊಲಿಯುವ ಕ್ರಮ: ಡಾಟ್, ಭುಜ, ಕತ್ತು, ಆಮೇಲೆ ತೋಳು, ಕೊನೆಗೆ ಪಕ್ಕ. ತೋಳನ್ನು ಪಕ್ಕ ತೆರೆದಿರುವಾಗಲೇ ಕೂಡಿಸಿ, ನಂತರ ತೋಳಿನ ಅಂಚಿನಿಂದ ಸೊಂಟದವರೆಗೆ ಒಂದೇ ಹೊಲಿಗೆ ಎಳೆಯಿರಿ. ಮುಂದೆ ಬಿಚ್ಚಿ ಸಡಿಲಿಸಬೇಕಾದಾಗಲೂ ಇದೇ ಅನುಕೂಲ. ಹುಕ್ಕುಗಳ ನಡುವೆ 1½ ಇಂಚಿಗಿಂತ ಹೆಚ್ಚು ಬಿಡಬೇಡಿ, ಒಂದು ಹುಕ್ಕು ಎದೆಯ ಪಾಯಿಂಟ್ ಮಟ್ಟಕ್ಕೇ ಬರಲಿ, ಪಟ್ಟಿ ಬಾಯಿ ಬಿಡುವುದು ಅಲ್ಲೇ.

ಈಗಾಗಲೇ ಹೊಲಿದ ಎರಡು ರವಿಕೆಗಳನ್ನು ಎಸೆಯಬೇಡಿ. ಮೊದಲನೆಯದರಲ್ಲಿ ಆರ್ಮ್‌ಹೋಲ್‌ನ ಒಳ ಮಾರ್ಜಿನ್ ನೋಡಿ. ಅರ್ಧ ಇಂಚಿಗಿಂತ ಹೆಚ್ಚಿದ್ದರೆ ಆ ಬಟ್ಟೆಯೇ ಕಂಕುಳಲ್ಲಿ ಒತ್ತುತ್ತಿರಬಹುದು. ಅದನ್ನು ಕಾಲು ಇಂಚಿಗಿಂತ ತುಸು ಹೆಚ್ಚು ಉಳಿಯುವಂತೆ ಕತ್ತರಿಸಿ, ಕಂಕುಳಡಿಯ ಕಮಾನಿನಲ್ಲಿ ಅಲ್ಲಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಹಾಕಿ, ಹೊಲಿಗೆಗೆ ತಾಗದಂತೆ. ಅದೂ ಸಾಲದಿದ್ದರೆ ತೋಳಿನ ಮುಂಭಾಗವನ್ನಷ್ಟೇ ಬಿಚ್ಚಿ, ಮೈಭಾಗದ ಕಮಾನನ್ನು ಮಧ್ಯದಲ್ಲಿ ಕಾಲು ಇಂಚು ಒಳಕ್ಕೆ ತೆಗೆದು ಮತ್ತೆ ಕೂಡಿಸಿ.

ಎರಡನೆಯದರಲ್ಲಿ ಕತ್ತರಿಸಿ ಹೋದ ಅರ್ಧ ಇಂಚು ವಾಪಸ್ ಬಾರದು. ಅದಕ್ಕೆ ಜುಬ್ಬಗಳಲ್ಲಿ ಹಿಂದಿನಿಂದ ಬಂದ ಉಪಾಯವಿದೆ: ಕಂಕುಳಲ್ಲಿ ಒಂದು ಚೌಕ ತುಂಡು. ಕಂಕುಳ ಬಿಂದುವಿನಿಂದ ತೋಳಿನ ಹೊಲಿಗೆಯನ್ನು 2 ಇಂಚು, ಪಕ್ಕದ ಹೊಲಿಗೆಯನ್ನು 2 ಇಂಚು ಬಿಚ್ಚಿ. ಆರ್ಮ್‌ಹೋಲ್ ಹೊಲಿಗೆಯನ್ನು ಮುಟ್ಟಬೇಡಿ. ಅದೇ ಬಟ್ಟೆಯಲ್ಲಿ 3 ಇಂಚಿನ ಚೌಕ ಕತ್ತರಿಸಿ, ಸುತ್ತಲೂ ಅರ್ಧ ಇಂಚು ಮಾರ್ಜಿನ್ ಹೋಗಿ ಒಳಗೆ 2 ಇಂಚು ಉಳಿಯುತ್ತದೆ. ಒಂದು ಮೂಲೆ ತೋಳಿನ ಕಡೆಗೆ, ಎದುರಿನದು ಸೊಂಟದ ಕಡೆಗೆ, ಉಳಿದೆರಡು ಆರ್ಮ್‌ಹೋಲ್ ಹೊಲಿಗೆಗೆ ಸೇರುವಂತೆ ಗುಂಡುಸೂಜಿ ಚುಚ್ಚಿ, ಒಂದೊಂದೇ ಬದಿಯನ್ನು ಮೂಲೆಯಿಂದ ಮೂಲೆಗೆ ಹೊಲಿಯಿರಿ. ಪ್ರತಿ ಮೂಲೆಯಲ್ಲೂ ಸೂಜಿಯನ್ನು ನಿಲ್ಲಿಸಿ ದಾರ ಕತ್ತರಿಸಿ, ಮುಂದಿನ ಬದಿಯನ್ನು ಹೊಸದಾಗಿ ಶುರು ಮಾಡಿ. ಮೂಲೆ ಸುತ್ತಿ ಒಂದೇ ಓಟದಲ್ಲಿ ಹೊಲಿಯಲು ಹೋದರೆ ಅಲ್ಲಿ ಮಡಿಕೆ ಸಿಕ್ಕಿಕೊಳ್ಳುತ್ತದೆ. ಭುಜ ಜಾರುವುದಕ್ಕೆ ಎರಡೂ ರವಿಕೆಗಳಿಗೆ ಬೆನ್ನಿನ ಮೇಲ್ಭಾಗದಲ್ಲಿ ಡೋರಿ ಸೇರಿಸಿ. ಒಳಗೆ ಭುಜದ ಹೊಲಿಗೆಗೆ 2 ಇಂಚಿನ ಸಣ್ಣ ಪಟ್ಟಿ ಹಾಕಿ, ತುದಿಗೆ ಟಿಚ್ ಗುಂಡಿ ಇಟ್ಟು ಬ್ರಾ ಪಟ್ಟಿಯನ್ನು ಅದರೊಳಗೆ ಸೇರಿಸಿಕೊಂಡರೆ ಭುಜ ಅಲುಗುವುದಿಲ್ಲ.